ಸ್ಪಿಟ್‌ಫೈರ್‌ಗಿಂತ ಮೊದಲು ಸೋತ ವಿಮಾನ ಯಾವುದು, ಗೊತ್ತಾ?

(ಸರಣಿ: ಲೆಕ್ಕದ ಪುಸ್ತಕದಲ್ಲಿ ಇತಿಹಾಸ. ಒಟ್ಟು ಆರು ಫೋಟೋ, ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.)

📷 1
ಸ್ಪಿಟ್‌ಫೈರ್ ಬಗ್ಗೆ ರೀಲ್ ನೀವೂ ನೋಡಿರ್ತೀರಿ. ಕಥೆ ಯಾವಾಗಲೂ ಒಂದೇ. ಮಿಚೆಲ್ ಅಂತ ಒಬ್ಬ ಜೀನಿಯಸ್ ಇದ್ದ. ರೇಸ್ ವಿಮಾನ ಮಾಡಿ ಗೆದ್ದ. ಸರ್ಕಾರ ಕೈಕೊಟ್ಟಾಗ ಒಬ್ಬ ಶ್ರೀಮಂತ ಮಹಿಳೆ ದುಡ್ಡು ಕೊಟ್ಟಳು. ಅದೇ ರೇಸ್ ವಿಮಾನಕ್ಕೆ ಗನ್ ಜೋಡಿಸಿದ, ಸ್ಪಿಟ್‌ಫೈರ್ ಆಯ್ತು, ಇಂಗ್ಲೆಂಡ್ ಉಳೀತು. ಹಿಂದೆ ಪಿಟೀಲು ಬೇರೆ.
ಕೇಳೋಕೆ ಚೆನ್ನಾಗಿದೆ. ಆದರೆ ನಡುವೆ ಒಂದು ಇಡೀ ವಿಮಾನವನ್ನೇ ಕತ್ತರಿಸಿ ಬಿಸಾಕಿದ್ದಾರೆ. ಕಾರಣ ಇಷ್ಟೇ: ಅದು ಸೋತಿತ್ತು. ನನ್ನ ಸಿಟ್ಟು ಇರೋದು ಆ ಕತ್ತರಿಯ ಮೇಲೆ.

📷 2
ಮೊದಲು ರೀಲ್‌ನಲ್ಲಿ ನಿಜ ಇರೋ ಭಾಗ. 1931ರಲ್ಲಿ ಶ್ನೈಡರ್ ಟ್ರೋಫಿ ರೇಸಿಗೆ ದುಡ್ಡು ಕೊಡಲ್ಲ ಅಂತ ಬ್ರಿಟಿಷ್ ಸರ್ಕಾರ ಕೈ ಎತ್ತಿತ್ತು. ಲೇಡಿ ಹೂಸ್ಟನ್ 1 ಲಕ್ಷ ಪೌಂಡ್ ಕೊಟ್ಟರು. ಆರ್. ಜೆ. ಮಿಚೆಲ್ ತಂಡದ ಸೂಪರ್‌ಮರೀನ್ ಎಸ್.6ಬಿ ಆ ಸೆಪ್ಟೆಂಬರ್‌ನಲ್ಲಿ ಟ್ರೋಫಿ ಗೆದ್ದಿತು, ಅದೇ ತಿಂಗಳು ಗಂಟೆಗೆ 407 ಮೈಲಿ, ಅಂದರೆ ಸುಮಾರು 656 ಕಿ.ಮೀ. ಮುಟ್ಟಿ ವಿಶ್ವದಾಖಲೆ ಮಾಡಿತು.
ಸರಿ. ಜೀನಿಯಸ್ ಒಬ್ಬನೇ ಸಾಕು ಅನ್ನೋದಾದರೆ, ಇದೇ ಮನುಷ್ಯ ಮುಂದೆ ಮಾಡಿದ ಫೈಟರ್ ಆಕಾಶ ಸೀಳಬೇಕಿತ್ತು ಅಲ್ವಾ? ಮುಂದಿನ ಫೋಟೋ ನೋಡಿ.

📷 3
ಇದು ಟೈಪ್ 224. ಹೊಸ ಫೈಟರ್ ಬೇಕು ಅಂತ ಏರ್ ಮಿನಿಸ್ಟ್ರಿ ಎಫ್.7/30 ಅನ್ನೋ ಸ್ಪೆಸಿಫಿಕೇಶನ್ ಹೊರಡಿಸಿತ್ತು, ಅದಕ್ಕೆ ಮಿಚೆಲ್ ತಂಡ ಕೊಟ್ಟ ಉತ್ತರ. ಹಾರಿದ್ದು 1934ರ ಫೆಬ್ರವರಿ. ದಪ್ಪ ರೆಕ್ಕೆ, ಅದೂ ಬುಡದಲ್ಲಿ ಬಾಗಿದ್ದು. ಮಡಚಲಾಗದ ಚಕ್ರಗಳಿಗೆ ಪ್ಯಾಂಟು ತೊಡಿಸಿದ ಹಾಗೆ ದೊಡ್ಡ ಕವಚ. ಪೈಲಟ್ ತಲೆ ಮೇಲೆ ಮುಚ್ಚಳ ಇಲ್ಲ.
ಗಾಸ್‌ಹಾಕ್ ಎಂಜಿನ್ ತಂಪಾಗೋ ರೀತಿಯಂತೂ ಇನ್ನೂ ವಿಚಿತ್ರ: ನೀರು ಆವಿಯಾಗಿ ರೆಕ್ಕೆಯ ಮುಂಭಾಗಕ್ಕೆ ಹೋಗಿ, ಅಲ್ಲಿ ತಣಿದು ಮತ್ತೆ ನೀರಾಗಿ ವಾಪಸ್ ಬರಬೇಕು. ಕಾಗದದ ಮೇಲೆ ಎಂಥಾ ಐಡಿಯಾ! ಹಾರಿದಾಗ ಎಂಜಿನ್ ಕಾದು ಕೂತಿತು.
ವೇಗ? ಗಂಟೆಗೆ 228 ಮೈಲಿ, ಸುಮಾರು 367 ಕಿ.ಮೀ. 15,000 ಅಡಿ ಏರೋಕೆ ಒಂಬತ್ತೂವರೆ ನಿಮಿಷ. 407 ಮುಟ್ಟಿದ ತಂಡ ಮೂರು ವರ್ಷಕ್ಕೆ 228ಕ್ಕೆ ಬಂದು ನಿಂತಿತು. ಗೆದ್ದಿದ್ದು ಗ್ಲಾಡಿಯೇಟರ್ ಅನ್ನೋ ಬೈಪ್ಲೇನ್, ಅಂದರೆ ಮೇಲೊಂದು ಕೆಳಗೊಂದು ರೆಕ್ಕೆ ಇರೋ ಹಳೇ ಮಾದರಿ. 224 ಕೊನೆಗೆ ಆರ್ಫರ್ಡ್‌ನೆಸ್‌ನಲ್ಲಿ ಗುಂಡು ಹೊಡೆದು ಅಭ್ಯಾಸ ಮಾಡೋ ಗುರಿಯಾಯ್ತು.
ಇವತ್ತಾಗಿದ್ರೆ ಕಾಮೆಂಟ್ ಬಾಕ್ಸ್ ಹೇಗಿರ್ತಿತ್ತು ಹೇಳಿ?

📷 4
ಈಗ 5 ಮಾರ್ಚ್ 1936. ಈಸ್ಟ್‌ಲಿ ಮೈದಾನದಿಂದ ಕೆ5054 ಹಾರಿತು. ಸ್ಪಿಟ್‌ಫೈರ್‌ನ ಮೊದಲ ಪ್ರೋಟೋಟೈಪ್. 224ರ ಪಕ್ಕ ಇಟ್ಟು ನೋಡಿ. ದಪ್ಪ ರೆಕ್ಕೆ ಹೋಗಿ ತೆಳ್ಳಗಿನ ಮೊಟ್ಟೆಯಾಕಾರದ ರೆಕ್ಕೆ ಬಂತು. ಚಕ್ರ ಒಳಗೆ ಮಡಚಿಕೊಂಡವು. ಕಾಕ್‌ಪಿಟ್‌ಗೆ ಮುಚ್ಚಳ ಬಂತು. ಗಾಸ್‌ಹಾಕ್ ಜಾಗಕ್ಕೆ ರೋಲ್ಸ್ ರಾಯ್ಸ್ ಮೆರ್ಲಿನ್ ಬಂತು. ಆವಿಯ ಸರ್ಕಸ್ ಬಿಟ್ಟು ಗ್ಲೈಕಾಲ್ ಹಾಕಿದ ರೇಡಿಯೇಟರ್ ಕೂರಿಸಿದರು. ಅದೇ ವರ್ಷ ಪರೀಕ್ಷೆಯಲ್ಲಿ ವೇಗ 349 ಮೈಲಿ, ಅಂದರೆ 560 ಕಿ.ಮೀ. ದಾಟಿತು.
224ರಲ್ಲಿ ಎಲ್ಲೆಲ್ಲಿ ಏಟು ಬಿದ್ದಿತ್ತೋ ಅಲ್ಲಲ್ಲೇ ಬದಲಾವಣೆ. ಸೋತ ವಿಮಾನವೇ ಈ ತಂಡಕ್ಕೆ ಪಾಠದ ಪುಸ್ತಕ ಆಗಿತ್ತು.
ಒಬ್ಬನೇ ಮಾಡಿದ್ದೂ ಅಲ್ಲ. ರೆಕ್ಕೆಯ ಲೆಕ್ಕದ ಹಿಂದೆ ಬೆವರ್ಲಿ ಶೆನ್‌ಸ್ಟೋನ್ ಅನ್ನೋ ಕೆನಡಾದವರು. ರೇಡಿಯೇಟರ್‌ನ ಹಿಂದೆ ಫಾರ್ನ್‌ಬರೋದ ಮೆರೆಡಿತ್ ಅವರ ಸಂಶೋಧನೆ. ಮಿಚೆಲ್ 1937ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಬರೀ 42 ವರ್ಷ. ಆಮೇಲೆ ವಿಮಾನವನ್ನು ಬೆಳೆಸಿದ್ದು ಜೋಸೆಫ್ ಸ್ಮಿತ್. ಇವರಿಗೆಲ್ಲ ರೀಲ್‌ನಲ್ಲಿ ಒಂದು ಸೆಕೆಂಡೂ ಇಲ್ಲ.

📷 5
ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ನಾನು ಬಿಕಾಂ, ದುಡ್ಡು ಯಾರದು ಅಂತ ಕೇಳದೆ ಇರೋಕಾಗಲ್ಲ.
224 ಸೋತ ಮೇಲೆ ಸುಧಾರಿಸಿದ ಡ್ರಾಯಿಂಗ್ ತಗೊಂಡು ಹೋದಾಗ ಏರ್ ಮಿನಿಸ್ಟ್ರಿ ಮೊದಲು ಬೇಡ ಅಂದಿತು. ಕೆಲಸ ಮುಂದುವರಿಸೋಕೆ ಬೆನ್ನಿಗೆ ನಿಂತಿದ್ದು ಸೂಪರ್‌ಮರೀನ್‌ನ ಮಾಲೀಕ ಕಂಪನಿ ವಿಕರ್ಸ್. ಮೆರ್ಲಿನ್ ಎಂಜಿನ್ ಕೂಡ ರೋಲ್ಸ್ ರಾಯ್ಸ್ ತನ್ನ ಸ್ವಂತ ಖರ್ಚಲ್ಲಿ ಶುರು ಮಾಡಿದ್ದು. 1934ರ ಡಿಸೆಂಬರ್‌ನಲ್ಲಿ ಸರ್ಕಾರ ಮನಸ್ಸು ಬದಲಿಸಿ ಪ್ರೋಟೋಟೈಪ್‌ಗೆ 10,000 ಪೌಂಡ್ ಕೊಟ್ಟಿತು. 1936ರ ಜೂನ್‌ನಲ್ಲಿ 310 ವಿಮಾನಕ್ಕೆ ಆರ್ಡರ್.
ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಸಂಶೋಧನೆಗೆ ಹಾಕಿದ ದುಡ್ಡು ಆಸ್ತಿ ಅಲ್ಲ, ಆ ವರ್ಷದ ಖರ್ಚು, ನೇರ ಲಾಭ-ನಷ್ಟದ ಖಾತೆಗೆ. ನಿಯಮ ಸರಿಯಾಗೇ ಇದೆ. ಇಲ್ಲದಿದ್ರೆ ಕಂಪನಿಗಳು ಕನಸನ್ನೆಲ್ಲ ಆಸ್ತಿ ಅಂತ ತೋರಿಸ್ತಿದ್ವು. ತೊಂದರೆ ಏನಂದ್ರೆ, ಖಾತೆಯಲ್ಲಿ ಖರ್ಚು ಅಂತ ಬರೆದಿದ್ದನ್ನ ನಾವು ದಂಡ ಅಂತ ಓದಿಕೊಳ್ತೀವಿ. 224ರ ಲೆಕ್ಕವನ್ನ 1934ರಲ್ಲೇ ಮುಚ್ಚಿದ್ರೆ ಪೂರ್ತಿ ನಷ್ಟ. 1940ರಲ್ಲಿ ಸ್ಪಿಟ್‌ಫೈರ್‌ಗಳು ಬ್ರಿಟನ್ನಿನ ಆಕಾಶ ಕಾಯೋವಾಗ ಅದೇ ಲೆಕ್ಕ ತೆಗೆದು ನೋಡಿ.

📷 6
"ಹಾಗಾದ್ರೆ ಸೋತವರಿಗೆಲ್ಲ ದುಡ್ಡು ಸುರೀತಾ ಇರಬೇಕಾ?" ಅಂತ ಕೇಳ್ತೀರಿ, ಗೊತ್ತು. ಖಂಡಿತ ಬೇಡ. 224 ಸೋತಿದ್ದನ್ನ ಯಾರೂ ಮುಚ್ಚಿಡಲಿಲ್ಲ. ಹಾರಿಸಿದರು, ಅಳೆದರು, ಪ್ರತಿಸ್ಪರ್ಧಿ ಜೊತೆ ಹೋಲಿಸಿದರು, ಆರ್ಡರ್ ಕೊಡಲಿಲ್ಲ. ಆದರೆ ಮಾಡಿದವರನ್ನ ಮನೆಗೆ ಕಳಿಸಲಿಲ್ಲ. ಸೋಲಿಗೆ ಲೆಕ್ಕ ಇರಬೇಕು, ಆ ಸೋಲು ಕಂಡವರು ಮುಂದಿನ ಟೇಬಲ್ಲಿನಲ್ಲೂ ಕೂತಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ರೂ ದುಡ್ಡು ನಿಜಕ್ಕೂ ನೀರಲ್ಲಿ ಹೋಮ.
ಜೀನಿಯಸ್ ಕಥೆ ನಮಗೆ ಯಾಕೆ ಇಷ್ಟ ಗೊತ್ತಾ? ಅದು ನಮ್ಮಿಂದ ಏನೂ ಕೇಳಲ್ಲ. ಮಹಾಪುರುಷ ಹುಟ್ಟೋವರೆಗೂ ಕಾಯ್ತಾ ಕೂತರೆ ಆಯ್ತು. 224ರ ಕಥೆ ಹಾಗಲ್ಲ. ಅದಕ್ಕೆ ತಾಳ್ಮೆ ಬೇಕು, ತೆರಿಗೆ ದುಡ್ಡು ಬೇಕು, ನಗೋರ ಮುಂದೆ ಎರಡನೇ ಸಲ ಬಂದು ನಿಲ್ಲೋ ಧೈರ್ಯ ಬೇಕು.
ಇನ್ನೊಂದು ವಿಷಯ. ‘ಸ್ಪಿಟ್‌ಫೈರ್’ ಅನ್ನೋ ಹೆಸರನ್ನ ಅನಧಿಕೃತವಾಗಿ ಮೊದಲು ಇಟ್ಟಿದ್ದು ಈ ಸೋತ 224ಕ್ಕೇ. ಹೆಸರೂ ಅದರದ್ದೇ, ಪಾಠವೂ ಅದರದ್ದೇ. ಮುಂದಿನ ಸಲ ಯಾವುದಾದ್ರೂ ಪ್ರೋಟೋಟೈಪ್ ಮುಗ್ಗರಿಸಿದ ವಿಡಿಯೋ ಬಂದಾಗ ನಗೋ ಇಮೋಜಿ ಒತ್ತೋಕೆ ಮುಂಚೆ, ಇದು ಎಷ್ಟನೇ ಪ್ರಯತ್ನ ಅಂತ ಒಂದು ಸಲ ಕೇಳಿ.

ಆ ಪಿಟೀಲು ರೀಲ್ ಕಳಿಸಿದ ಫ್ರೆಂಡ್‌ಗೆ ಇದನ್ನೂ ಕಳಿಸಿ. ಒಪ್ಪದವರು ಕಾಮೆಂಟ್‌ಗೆ ಬನ್ನಿ, ಲೆಕ್ಕ ಸಮೇತ. 👇

#ಲೆಕ್ಕದಪುಸ್ತಕದಲ್ಲಿಇತಿಹಾಸ #ಟೈಪ್224 #ಸ್ಪಿಟ್‌ಫೈರ್ #ಬಿಕಾಂಹುಡುಗ್ರು