ಉಬ್ಬಸ ನಿಂತ ಮೇಲೂ ಇನ್‌ಹೇಲರ್ ಏಕೆ?

ಮಾರ್ಗಶಿರದ ಮಂಜು ಇಳಿಯತೊಡಗಿತೆಂದರೆ ನಮ್ಮ ಸದಾಶಿವನಗರದ ಅನೇಕ ಮನೆಗಳಲ್ಲಿ ಉಬ್ಬಸದವರ ನಿದ್ರೆ ಕೆಡುತ್ತದೆ. ಗುಬ್ಬಿ, ಕುಣಿಗಲ್ ಕಡೆಗೆ ರಾಗಿ ಒಕ್ಕಣೆಗೆಂದು ಹೋಗಿ ಬಂದವರಿಗಂತೂ ಧೂಳಿಗೆ ಎದೆ ಬಿಗಿಯುವುದುಂಟು. ಆಗ ಔಷಧಿ ನೆನಪಾಗುತ್ತದೆ. ಯುಗಾದಿಯ ಹೊತ್ತಿಗೆ ಉಸಿರು ಸರಾಗವಾದೊಡನೆ ಇನ್‌ಹೇಲರ್ ಬೀರುವಿನ ಮೂಲೆ ಸೇರುತ್ತದೆ. ಅಪಾಯವಿರುವುದು ಈ ಬಿಡುವಿನಲ್ಲಿಯೇ.

ಉಬ್ಬಸವುಳ್ಳವರ ಶ್ವಾಸನಾಳದ ಒಳಪದರವು ಏದುಸಿರಿಲ್ಲದ ದಿನವೂ ಊದಿಕೊಂಡಿರಬಹುದು. ಸಾಲ್ಬುಟಮಾಲ್ ಇನ್‌ಹೇಲರ್ ನಾಳದ ಸ್ನಾಯುವನ್ನು ಸಡಿಲಿಸಿ ಕೆಲವೇ ನಿಮಿಷಗಳಲ್ಲಿ ನೆಮ್ಮದಿ ಕೊಡುತ್ತದೆಯಾದರೂ ಊತವನ್ನು ಮುಟ್ಟುವುದಿಲ್ಲ. ಊತವನ್ನು ಇಳಿಸತಕ್ಕದ್ದು ಬುಡೆಸೊನೈಡ್, ಬೆಕ್ಲೊಮೆಥಾಸೋನ್ ಮೊದಲಾದ ಸ್ಟೀರಾಯ್ಡ್ ಇನ್‌ಹೇಲರ್. ಅದಕ್ಕೆ ದಿನಗಳೂ ವಾರಗಳೂ ಬೇಕು. ಸೇದಿದ ಕ್ಷಣದಲ್ಲಿ ಏನೂ ತಿಳಿಯದು. ಆದುದರಿಂದಲೇ ಜನರು ಮೊದಲನೆಯದನ್ನು ನಂಬಿ ಎರಡನೆಯದನ್ನು ಕೈಬಿಡುತ್ತಾರೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರುವುದು ಸಲ್ಲದೆಂದು ‘ಜಿನಾ’ ಎಂಬ ಅಂತರರಾಷ್ಟ್ರೀಯ ಅಸ್ತಮಾ ತಜ್ಞರ ಸಂಸ್ಥೆಯು 2019ರಲ್ಲಿ ಸ್ಪಷ್ಟವಾಗಿ ಸಾರಿತು.

ಸ್ಟೀರಾಯ್ಡ್ ಎಂಬ ಹೆಸರಿಗೇ ಅಂಜುವವರು ಲೆಕ್ಕವನ್ನು ನೋಡಬೇಕು. ಪ್ರೆಡ್ನಿಸೊಲೋನ್ ಮಾತ್ರೆಯೊಂದರಲ್ಲಿ 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ ಔಷಧಿಯಿರುತ್ತದೆ. ಬುಡೆಸೊನೈಡಿನ ಒಂದು ಸೇದುವಿಕೆಯಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಮಾತ್ರ, ಅದೂ ನೇರವಾಗಿ ಶ್ವಾಸಕೋಶಕ್ಕೆ. ಹೆದರಿ ಇನ್‌ಹೇಲರ್ ಬಿಟ್ಟವರೇ ಕಡೆಗೆ ಮಾತ್ರೆ, ಇಂಜೆಕ್ಷನ್ನುಗಳ ಪಾಲಾಗುವುದು ವಿಪರ್ಯಾಸ. ಇದು ಚಟವಾಗುವ ವಸ್ತುವೂ ಅಲ್ಲ. ಗಂಟಲು ಒಡೆಯುವುದು, ಬಾಯಲ್ಲಿ ಬಿಳಿಯ ಅಗ್ರ ಕಟ್ಟುವುದು ಉಂಟು. ಹಲ್ಲುಜ್ಜುವುದಕ್ಕೆ ಮುಂಚೆ ಸೇದುವ ರೂಢಿ ಮಾಡಿಕೊಂಡರೆ ಬಾಯಿ ಮುಕ್ಕಳಿಸುವುದು ತಾನಾಗಿ ಆಗುತ್ತದೆ, ಔಷಧಿಯೂ ಮರೆಯುವುದಿಲ್ಲ.

ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರಲ್ಲಿ ಅಸ್ತಮಾ 1979ರಲ್ಲಿ ಶೇಕಡಾ 9 ಇದ್ದುದು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಅಂದಿನ ಮಕ್ಕಳು ಇಂದು ಸಂಸಾರವಂದಿಗರು. ಆದರೂ ಹೆಣ್ಣು ನೋಡಲು ಬಂದವರೆದುರು ಇನ್‌ಹೇಲರನ್ನು ಬಚ್ಚಿಡುವ ಮನೆಗಳು ನಮ್ಮಲ್ಲಿವೆ. ಇದನ್ನು ನಾವು ಒಪ್ಪಲಾರೆವು. ಅತ್ತೆಯ ಕಣ್ಣು ತಪ್ಪಿಸಿ ಬಚ್ಚಲಲ್ಲಿ ಸೇದಬೇಕಾದ ಸೊಸೆ ಎಷ್ಟು ದಿನ ತಪ್ಪದೆ ಸೇದಿಯಾಳು? ಗರ್ಭಿಣಿಯಾದಳೆಂದು ತಾನಾಗಿ ಔಷಧಿ ನಿಲ್ಲಿಸಿದರಂತೂ ತಾಯಿಗೂ ಶಿಶುವಿಗೂ ಕೇಡು.

ಮೃಗಶಿರಾ ಮಳೆಯ ವೇಳೆಗೆ ಹೈದರಾಬಾದಿಗೆ ಹೋಗಿ, ಮೀನಿನ ಬದಲು ಬೆಲ್ಲದಲ್ಲಿ ಕೊಡುವ ಔಷಧಿಯನ್ನು ನುಂಗಿ ಬರುವ ಸಸ್ಯಾಹಾರಿಗಳೂ ಇದ್ದಾರೆ. ಹೋಗುವವರನ್ನು ನಾವು ತಡೆಯೆವು. ಇನ್‌ಹೇಲರ್ ಮಾತ್ರ ಚೀಲದಲ್ಲಿರಲಿ, ದಿನವೂ ಹೊರಗೆ ಬರಲಿ.

200 ಸೇದುವಿಕೆಯ ಡಬ್ಬಿಯು ಬೆಳಿಗ್ಗೆ ಎರಡು, ರಾತ್ರಿ ಎರಡರಂತೆ 50 ದಿನಕ್ಕೆ ಮುಗಿಯುತ್ತದೆ; ಆರಂಭಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಡಬ್ಬಿ ಅಲುಗಾಡಿದರೆ ಔಷಧಿ ಉಂಟೆಂದು ತಿಳಿಯಬೇಡಿ. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಾಗದ ಹಿರಿಯರಿಗೆ ಸ್ಪೇಸರ್ ಕೊಡಿಸಿರಿ. ಮಾತನಾಡಲೂ ಆಗದಷ್ಟು ಏದುಸಿರು ಬಂದಲ್ಲಿ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸುಮಾರು ಮೂರು ತಿಂಗಳು ಉಬ್ಬಸವು ಹತೋಟಿಯಲ್ಲಿದ್ದರೆ ವೈದ್ಯರೇ ಔಷಧಿಯ ಪ್ರಮಾಣವನ್ನು ಇಳಿಸುವುದುಂಟು. ಆ ಮಾತನ್ನು ಈ ಚಳಿಯಲ್ಲಿ ಎತ್ತುವುದಕ್ಕಿಂತ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯ ಧೂಳು ಅಡಗಿದ ಮೇಲೆ ಅವರಲ್ಲಿ ಕೇಳುವುದು ಮೇಲು.