ರಸಮೇವಿನ ಆನ್‌ಲೈನ್ ಪಾಠಕ್ಕೆ 45 ದಿನ ಬೇಕು

ರಸಮೇವು, ಅಂದರೆ ಸೈಲೇಜ್ ಮಾಡುವುದನ್ನು ರೈತರಿಗೆ ಆನ್‌ಲೈನ್‌ನಲ್ಲಿ ಕಲಿಸಲಾಗದು ಎಂದು ಪ್ರಶಿಕ್ಷಣಾರ್ಥಿಗಳು ಆಗಾಗ ಹೇಳುತ್ತಾರೆ. ಪರದೆಯಲ್ಲಿ ವಾಸನೆ ಬಾರದು, ಮುಟ್ಟಿ ನೋಡಲಾಗದು ಎಂಬುದು ಅವರ ವಾದ. ಒಂದು ಗಂಟೆಯ ಉಪನ್ಯಾಸವನ್ನೇ ಪಾಠವೆಂದುಕೊಂಡರೆ ಆ ಮಾತು ನಿಜ. ಪಾಠವನ್ನು ರೈತರ ಕೊಟ್ಟಿಗೆಗೆ ಒಯ್ದು, ಮೊಬೈಲನ್ನು ಕೇವಲ ಸಹಾಯಕ್ಕೆ ಇಟ್ಟುಕೊಂಡರೆ ನಿಜವಲ್ಲ ಎಂಬುದು ನನ್ನ ಅಭಿಪ್ರಾಯ.

ಪೂರ್ವಜ್ಞಾನ ಸಾಕಷ್ಟಿದೆ. ಹಾಲು ಹೆಪ್ಪಾಗುವುದು, ಇಡ್ಲಿ ಹಿಟ್ಟು ಹುಳಿಯಾಗುವುದು ಎಲ್ಲ ಮನೆಗಳಿಗೂ ಗೊತ್ತು. ಮೇವಿನಲ್ಲಿಯೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ದಂಟಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಪಿಎಚ್ ಸುಮಾರು 4ಕ್ಕೆ ಇಳಿದಾಗ ಕೊಳೆಸುವ ಜೀವಿಗಳ ಆಟ ನಿಲ್ಲುತ್ತದೆ. ಆದರೆ ಈ ಹೋಲಿಕೆಗೆ ಮಿತಿಯಿದೆ. ಹಿಟ್ಟಿನ ಪಾತ್ರೆಯ ಮುಚ್ಚಳ ಸಡಿಲವಿದ್ದರೂ ನಡೆದೀತು. ರಸಮೇವಿಗೆ ಗಾಳಿ ಹೊಕ್ಕರೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಉಪ್ಪಿನಕಾಯಿ ಭರಣಿಯನ್ನೂ ನೆನಪಿಸಬೇಕು: ಒತ್ತಿ ತುಂಬಿ, ಬಾಯಿ ಬಿಗಿದು, ಸುಮ್ಮನೆ ಬಿಡುವುದು.

ಘಟಕವನ್ನು ಹುದುಗುವಿಕೆಯ ಕಾಲಕ್ಕೇ ಹೊಂದಿಸೋಣ. ಮೊದಲ ಕಂತಿನಲ್ಲಿ ಮುಸುಕಿನ ಜೋಳದ ತೆನೆ ಸುಲಿದು, ಹಾಲುಗಾಳು ಗಟ್ಟಿಯಾಗುತ್ತಿರುವ ಹಂತದ ಫೋಟೊ ಕಳಿಸಲಿ. ಎರಡನೆಯದರಲ್ಲಿ 2–3 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಲಿ. ನೀರು ತೊಟ್ಟಿಕ್ಕಿದರೆ ಬಾಡಿಸಬೇಕು. ಕೈಬಿಟ್ಟ ಕೂಡಲೇ ಉದುರಿದರೆ ಒಣಗಿದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ. ಮೂರನೆಯದರಲ್ಲಿ ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಚೀಲ ಕಟ್ಟಲಿ. ಆಮೇಲೆ ಸುಮಾರು 45 ದಿನ ನಮ್ಮಿಂದ ಒಂದೇ ಪ್ರಶ್ನೆ: ಚೀಲವನ್ನು ಇಲಿ ಕಡಿದಿಲ್ಲ ತಾನೆ?

ಚೀಲ ಬಿಚ್ಚುವ ದಿನವೇ ಮೌಲ್ಯಮಾಪನ. ಹಿತವಾದ ಹುಳಿವಾಸನೆ, ಹಳದಿ ಮಿಶ್ರಿತ ಹಸಿರು ಬಣ್ಣ ಇದ್ದರೆ ಮೇವು ಚೆನ್ನಾಗಿದೆ. ಕೆಟ್ಟ ಬೆಣ್ಣೆಯ ಕಮಟು ಬಂದರೆ ತೇವ ಹೆಚ್ಚಾಗಿತ್ತು. ಬೂಸ್ಟು ಕಂಡರೆ ಗಾಳಿ ಹೋಗಿದೆ. ವಾಸನೆ ನೋಡುವವರು ರೈತರು, ಸರಿಯಾದ ಪ್ರಶ್ನೆ ಕೇಳಬೇಕಾದವರು ನಾವು. ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಈ ಕೆಲಸ ಮಾಡಲಾರದು.

ಕಲಿಕಾರ್ಥಿ ಯಾರೆಂಬುದನ್ನೂ ಯೋಚಿಸಬೇಕು. ಸಂಜೆ ಆರಕ್ಕೆ ನೇರ ತರಗತಿ ಇಟ್ಟರೆ ಅದು ಹಾಲು ಕರೆಯುವ ಹೊತ್ತು. ಮೊಬೈಲ್ ಮಗನ ಕೈಯಲ್ಲಿದ್ದು, ಮೇವು ಹಾಕುವವರು ತಾಯಿಯಾದರೆ ಪಾಠ ತಲುಪಿದ್ದು ಯಾರಿಗೆ? ಬಿಡುವಾದಾಗ ಕೇಳಬಹುದಾದ ಐದು ನಿಮಿಷದ ಧ್ವನಿಮುದ್ರಣ ಇಲ್ಲಿ ಹೆಚ್ಚು ಉಪಯುಕ್ತ.

ತರಗತಿಯ ಪಾಠ ಸರಿಹೋಗದಿದ್ದರೆ ಮರುದಿನ ಮತ್ತೆ ಮಾಡಬಹುದು. ಇಲ್ಲಿ ತಪ್ಪಿದರೆ ಒಂದು ಕುಟುಂಬದ ಬೇಸಿಗೆಯ ಮೇವು ಹಾಳಾಗುತ್ತದೆ. ಆದ್ದರಿಂದ ದೊಡ್ಡ ಗುಂಡಿ ಬೇಡ, ಒಂದು ಚೀಲದಿಂದಲೇ ಕಲಿಕೆ ಆರಂಭವಾಗಲಿ. ಬೂಸ್ಟು ಹಿಡಿದದ್ದನ್ನು ದನಕ್ಕೆ ಹಾಕಬಾರದೆಂಬ ಎಚ್ಚರಿಕೆ ಮೊದಲ ಕಂತಿನಲ್ಲೇ ಬರಲಿ.

ಬೋಧನಾಭ್ಯಾಸದಲ್ಲಿ ಇಂಥ ಒಂದು ಘಟಕಕ್ಕೂ ಅವಕಾಶ ಕೊಡಬೇಕೆಂದು ಸಹೋದ್ಯೋಗಿಗಳಲ್ಲಿ ನನ್ನ ಮನವಿ. ಪಾಠಯೋಜನೆಯ ಉದ್ದೇಶಗಳಲ್ಲಿ ‘ವಿವರಿಸುತ್ತಾರೆ’ ಎಂದು ಬರೆಯುವ ಕಡೆ ‘ಹಿಂಡಿ ನೋಡಿ ಹದವನ್ನು ನಿರ್ಧರಿಸುತ್ತಾರೆ’ ಎಂದು ಬರೆದು ನೋಡಿ. ಉಳಿದ ಯೋಜನೆ ತಾನಾಗಿ ಬದಲಾಗುತ್ತದೆ.