ಶಾರ್ಟ್‌ಕಟ್ ಇರಲಿ, ಸುಳ್ಳು ಅಳತೆ ಬೇಡ

ಸಿವಿಲ್ ಎಂಜಿನಿಯರಿಂಗ್ ಓದುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೋಟ್ಸ್‌ಗಿಂತ ವೇಗವಾಗಿ ಓಡಾಡುವುದು ಆಟೊಕ್ಯಾಡ್ ಟ್ರಿಕ್‌ಗಳು. ಹಾಳಾದ ಫೈಲ್ ತೆರೆಯುವುದು ಹೇಗೆ, ಬಾಗಿಲು–ಕಿಟಕಿಗಳ ಬ್ಲಾಕ್ ಎಲ್ಲಿ ಸಿಗುತ್ತದೆ, ಇಡೀ ಪ್ಲಾನ್ ಒಂದೇ ಶೀಟಿನಲ್ಲಿ ಕೂರಿಸುವುದು ಹೇಗೆ ಎಂಬುದೆಲ್ಲ ನಮಗೆ ಗೊತ್ತಾಗುವುದು ಅಲ್ಲೇ. ಮರುದಿನದ ಸಬ್‌ಮಿಷನ್‌ಗಾಗಿ ರಾತ್ರಿ ಎರಡು ಗಂಟೆಯಲ್ಲಿ ಕಣ್ಣುಜ್ಜುತ್ತ ಕುಳಿತವರಿಗೆ ಇವು ನಿಜಕ್ಕೂ ದೊಡ್ಡ ಉಪಕಾರ. ಹಾಗಾಗಿ ಟ್ರಿಕ್‌ಗಳೇ ಬೇಡ ಎನ್ನುವ ಉಪದೇಶ ನನ್ನದಲ್ಲ.

ನನ್ನ ತಕರಾರು ಬೇರೆ. ಈ ಉಪಾಯಗಳಲ್ಲಿ ಎರಡು ಬಗೆ ಇವೆ. ಒಂದು ಬಗೆಯದು ನಮ್ಮ ಸಮಯ ಉಳಿಸುತ್ತದೆ, ನಕ್ಷೆಯನ್ನೂ ಸರಿಯಾಗಿ ಇಡುತ್ತದೆ. ಇನ್ನೊಂದು ಬಗೆಯದು ನಕ್ಷೆಯನ್ನು ಚೆಂದ ಕಾಣಿಸಿ, ಒಳಗಿನ ತಪ್ಪನ್ನು ಸೈಟಿನಲ್ಲಿ ಬಿಸಿಲಿಗೆ ನಿಂತ ಮೇಸ್ತ್ರಿಗೆ ದಾಟಿಸುತ್ತದೆ. ಕಾಲೇಜಿನಲ್ಲಿ ಎರಡಕ್ಕೂ ಒಂದೇ ಅಂಕ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಎರಡನೆಯದಕ್ಕೆ ಬೆಲೆ ತೆರುವವರು ಯಾರೋ ಬೇರೆಯವರು. ಸಾಲ ಮಾಡಿ ಮನೆ ಕಟ್ಟಿಸುತ್ತಿರುವ ಕುಟುಂಬ ಅದು.

ಕಲಿಯಲೇಬೇಕಾದ ಉಪಾಯಗಳು

ಮೊದಲನೆಯದು ಯೂನಿಟ್. ನಮ್ಮಲ್ಲಿ ಸೈಟಿನ ಮಾತು ಅಡಿಯಲ್ಲಿ, ಪುಸ್ತಕದ ಮಾತು ಮಿಲಿಮೀಟರ್‌ನಲ್ಲಿ. 1 ಅಡಿ ಎಂದರೆ 304.8 ಮಿ.ಮೀ. ಲೆಕ್ಕ ಸುಲಭವಾಗಲಿ ಎಂದು ಕೆಲವರು 300 ಎಂದು ಹಿಡಿಯುತ್ತಾರೆ. ಅಡಿಗೆ 4.8 ಮಿ.ಮೀ. ಹೋದರೇನಂತೆ ಅನ್ನಿಸಬಹುದು. 40 ಅಡಿಗೆ ಅದು 192 ಮಿ.ಮೀ., ಅಂದರೆ ಏಳೂವರೆ ಇಂಚು. ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆಯೊಂದು ಅದರಲ್ಲಿ ಮಾಯವಾಗುತ್ತದೆ. ಮೊದಲ ಗೆರೆ ಎಳೆಯುವ ಮುನ್ನವೇ ಯೂನಿಟ್ಸ್ ಕಮಾಂಡ್‌ಗೆ ಹೋಗಿ. ಅಡಿ–ಇಂಚಿನ ಕೆಲಸವಾದರೆ ಆರ್ಕಿಟೆಕ್ಚರಲ್ ಎಂದು ಇಟ್ಟುಕೊಳ್ಳಿ, ಕೊನೆಯವರೆಗೂ ಅದನ್ನೇ ಪಾಲಿಸಿ.

ಎರಡನೆಯದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಬ್ಲಾಕ್‌ಗಳು. ಮಿಲಿಮೀಟರ್‌ನಲ್ಲಿ 700 ಉದ್ದ ಬಿಡಿಸಿದ ಕಮೋಡ್, ಇಂಚಿನ ನಕ್ಷೆಗೆ ಯೂನಿಟ್ ಹೊಂದಿಸಿಕೊಳ್ಳದೆ ಬಂದರೆ 700 ಇಂಚು ಆಗುತ್ತದೆ. ಅಂದರೆ 58 ಅಡಿಗೂ ಹೆಚ್ಚು. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಇರುವುದೇ 50 ಅಡಿ! ಆಗ ಕಣ್ಣಂದಾಜಿನಲ್ಲಿ ಚಿಕ್ಕದು ಮಾಡಬೇಡಿ. ಸ್ಕೇಲ್ ಕಮಾಂಡ್‌ನಲ್ಲಿ ‘ರೆಫರೆನ್ಸ್’ ಆಯ್ಕೆ ಇದೆ. ವಸ್ತುವಿನ ಎರಡು ತುದಿ ತೋರಿಸಿ, ನಿಜವಾದ ಅಳತೆ ಟೈಪ್ ಮಾಡಿದರೆ ಮುಗಿಯಿತು. ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯ ಮೇಲೆ ಗೆರೆ ಎಳೆಯುವಾಗಲೂ ಇದೇ ದಾರಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೊಗೆ ಮಾತ್ರ ಇದು ನಡೆಯದು. ಒಂದು ದಿಕ್ಕಿನ ಅಳತೆ ಕೂಡಿದರೆ ಇನ್ನೊಂದು ದಿಕ್ಕಿನದು ಕೈಕೊಡುತ್ತದೆ.

ಆ 50 ಅಡಿಯನ್ನು ನೆನಪಿಡಿ. ಬದಿಗಳು 30, 40 ಇದ್ದು ಕರ್ಣ 50 ಬರದಿದ್ದರೆ ಸೈಟಿನ ಮೂಲೆ ಸರಿಯಿಲ್ಲ ಎಂದರ್ಥ. ಮೇಸ್ತ್ರಿಗಳು ದಾರ ಹಿಡಿದು 3–4–5 ಲೆಕ್ಕದಲ್ಲಿ ಮೂಲೆ ನೋಡುವುದೂ ಇದೇ ಪೈಥಾಗೊರಸ್ ಪ್ರಮೇಯದಿಂದ. ನಾಲ್ಕು ಬದಿ ಮಾತ್ರ ಅಳೆದು ಬಂದವರು ಕಂಪ್ಯೂಟರ್‌ನಲ್ಲಿ ಆರ್ಥೊ ಒತ್ತಿ ಮೂಲೆಗಳನ್ನು ನೇರ ಮಾಡಿಬಿಡುತ್ತಾರೆ. ಪರದೆಯ ಮೇಲೆ ನೇರವಾದ ಮೂಲೆ ನೆಲದ ಮೇಲೆ ನೇರವಾಗುವುದಿಲ್ಲ. ಟೇಪು ಹಿಡಿದಾಗ ಒಂದು ಕರ್ಣವನ್ನೂ ಅಳೆದುಕೊಂಡು ಬನ್ನಿ.

ಮೂರನೆಯದು ಫೈಲಿನ ಜೋಪಾನ. ಕರೆಂಟ್ ಹೋಗಿ ಡಿಡಬ್ಲ್ಯೂಜಿ ಫೈಲ್ ಕೆಟ್ಟರೆ ಗಾಬರಿ ಬೇಡ. ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ಬಿಎಕೆ ಫೈಲ್ ಇರುತ್ತದೆ. ಅದರ ಪ್ರತಿ ತೆಗೆದು, ಕೊನೆಯ ಮೂರಕ್ಷರ ಬದಲಿಸಿ ಡಿಡಬ್ಲ್ಯೂಜಿ ಎಂದು ಮಾಡಿದರೆ ಹಿಂದಿನ ಸಲ ಸೇವ್ ಆದ ನಕ್ಷೆ ತೆರೆಯುತ್ತದೆ. ಇಲ್ಲದಿದ್ದರೆ ರಿಕವರ್ ಕಮಾಂಡ್ ಪ್ರಯತ್ನಿಸಿ. ಒಂದರ ಮೇಲೊಂದು ಬಿದ್ದ ಜೋಡಿ ಗೆರೆಗಳನ್ನು ಓವರ್‌ಕಿಲ್ ತೆಗೆಯುತ್ತದೆ, ಬಳಸದ ಬ್ಲಾಕ್, ಲೇಯರ್‌ಗಳನ್ನು ಪರ್ಜ್ ತೆಗೆದು ಫೈಲ್ ಹಗುರ ಮಾಡುತ್ತದೆ. ಪ್ರಿಂಟ್ ಅಂಗಡಿಯಲ್ಲಿ ಹಳೆಯ ಆವೃತ್ತಿ ಇದ್ದರೆ 2010ರ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡಿಕೊಂಡು ಹೋಗಿ, ಜೊತೆಗೊಂದು ಪಿಡಿಎಫ್ ಇರಲಿ.

ಆ ಪಿಡಿಎಫ್ ಮುದ್ರಿಸುವಾಗ ‘ಫಿಟ್’ ಎಂಬ ಆಯ್ಕೆಯ ಮೇಲೆ ಕಣ್ಣಿಡಿ. ಕಾಗದಕ್ಕೆ ಹೊಂದಿಸಲು ಅದು ನಕ್ಷೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ, ‘1:100’ ಎಂಬ ಬರಹ ಮಾತ್ರ ಹಾಗೇ ಉಳಿಯುತ್ತದೆ. 1:100ರಲ್ಲಿ 30 ಅಡಿ ಬದಿ ಕಾಗದದ ಮೇಲೆ 91 ಮಿ.ಮೀ.ಗಿಂತ ಚೂರು ಹೆಚ್ಚು ಇರಬೇಕು. ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ. ನಕ್ಷೆಯ ಕೆಳಗೆ ಅಳತೆಪಟ್ಟಿಯೊಂದನ್ನು ಬಿಡಿಸಿಟ್ಟರೆ ಇನ್ನೂ ಒಳ್ಳೆಯದು. ಕಾಗದ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ.

ಇನ್ನೊಂದು ಮಾತು. ಕೋಣೆಗಳ ಹೆಸರನ್ನು ಕನ್ನಡದಲ್ಲೂ ಬರೆಯಿರಿ. ಸೈಟಿನಲ್ಲಿ ನಕ್ಷೆ ಓದುವವರಲ್ಲಿ ಅನೇಕರಿಗೆ ‘ಅಡುಗೆ ಮನೆ’, ‘ದೇವರ ಮನೆ’ ಎಂದಿದ್ದರೆ ಕೇಳುವ ಮುಜುಗರ ತಪ್ಪುತ್ತದೆ. ಆಟೊಕ್ಯಾಡ್‌ನ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಟೆಕ್ಸ್ಟ್ ಸ್ಟೈಲ್‌ಗೆ ಹೋಗಿ ತುಂಗಾ ಅಥವಾ ನಿರ್ಮಲಾದಂತಹ ಟ್ರೂಟೈಪ್ ಫಾಂಟ್ ಆರಿಸಿ. ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ಪಿಡಿಎಫ್‌ನಲ್ಲಿ ಒಮ್ಮೆ ನೋಡಿ.

ಬೇಡವೇ ಬೇಡದ ಉಪಾಯ

ಇಷ್ಟೆಲ್ಲ ಉಪಾಯಗಳ ನಡುವೆ ಅತಿ ಹೆಚ್ಚು ಬಳಕೆಯಲ್ಲಿರುವುದು, ಅತಿ ಹೆಚ್ಚು ಹಾನಿ ಮಾಡುವುದು ಒಂದೇ. ಅದು ಗೆರೆಯನ್ನು ಮುಟ್ಟದೆ, ಅದರ ಮೇಲಿನ ಅಳತೆಯ ಅಂಕಿಯನ್ನು ಮಾತ್ರ ತಿದ್ದುವುದು. ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬೇಕಾದ್ದನ್ನು ಟೈಪ್ ಮಾಡಿದರೆ ಆಯಿತು. ಐದು ಸೆಕೆಂಡ್ ಕೆಲಸ.

ಒಂದು ಉದಾಹರಣೆ ನೋಡೋಣ. ಮನೆಯ ಹೊರ ಅಗಲ 24 ಅಡಿ. ಹೊರಗೋಡೆಗಳು 9 ಇಂಚು, ನಡುವಿನ ಗೋಡೆ ನಾಲ್ಕೂವರೆ ಇಂಚು. ಮೂರೂ ಗೋಡೆಗೆ ಸೇರಿ 1 ಅಡಿ ಹತ್ತೂವರೆ ಇಂಚು ಹೋಯಿತು. ಉಳಿದದ್ದರಲ್ಲಿ ಒಂದು ಕೋಣೆ 10 ಅಡಿ, ಇನ್ನೊಂದು 12 ಅಡಿ ಒಂದೂವರೆ ಇಂಚು. ಆಯ ನೋಡಿಸಿಕೊಂಡು ಬಂದ ಮಾಲೀಕರು ‘ಮೊದಲನೇ ಕೋಣೆ 10 ಅಡಿ 6 ಇಂಚು ಇರಲಿ’ ಎನ್ನುತ್ತಾರೆ. ಗೋಡೆ ಸರಿಸಿದರೆ ಬಾಗಿಲು, ಕಿಟಕಿ, ಹ್ಯಾಚ್ ಎಲ್ಲ ತಿದ್ದಬೇಕು. ಸುಸ್ತಾದ ಕೈ 10 ಅಡಿಯನ್ನು ಅಳಿಸಿ 10 ಅಡಿ 6 ಇಂಚು ಎಂದು ಬರೆಯುತ್ತದೆ. ಈಗ ಒಳಗಿನ ಅಳತೆಗಳನ್ನೆಲ್ಲ ಕೂಡಿದರೆ 24 ಅಡಿ 6 ಇಂಚು. ಹೊರಗೆ ಬರೆದಿರುವುದು 24 ಅಡಿ. ಆ ಆರು ಇಂಚು ಎಲ್ಲಿಂದ ತರುವುದು ಎಂಬುದು ಈಗ ಮೇಸ್ತ್ರಿಯ ತಲೆನೋವು.

ಸರಿಯಾದ ದಾರಿಯೂ ಅಷ್ಟೇನೂ ದೂರವಿಲ್ಲ. ಸ್ಟ್ರೆಚ್ ಕಮಾಂಡ್ ಕೊಟ್ಟು, ಬಲದಿಂದ ಎಡಕ್ಕೆ ಕಿಟಕಿ ಎಳೆದು ನಡುವಿನ ಗೋಡೆಯನ್ನೂ ಅದರ ಅಳತೆಗೆರೆಗಳ ತುದಿಯನ್ನೂ ಹಿಡಿದು 6 ಇಂಚು ಸರಿಸಿದರೆ ಎರಡೂ ಕೋಣೆಗಳ ಅಂಕಿ ತಾವೇ ಬದಲಾಗುತ್ತವೆ. ಇದು ಒಂದು ನಿಮಿಷದ ಕೆಲಸ. ಅಂಕಿಯ ಜೊತೆ ‘ಪ್ಲಾಸ್ಟರಿಂಗ್ ಆದ ಮೇಲೆ’ ಎಂಬಂತಹ ಟಿಪ್ಪಣಿ ಸೇರಿಸಬೇಕೇ? ಅದಕ್ಕೂ ದಾರಿ ಇದೆ. ಅಂಕಿಯ ಜಾಗದಲ್ಲಿ <> ಚಿಹ್ನೆ ಇಟ್ಟು ಮುಂದೆ ಮಾತು ಬರೆಯಿರಿ. ಆ ಚಿಹ್ನೆ ಇರುವಲ್ಲಿ ಸಾಫ್ಟ್‌ವೇರ್ ನಿಜವಾದ ಅಳತೆಯನ್ನೇ ತೋರಿಸುತ್ತದೆ. ಬೇರೆಯವರ ಫೈಲ್ ಕೈಗೆ ಬಂದರೆ ಪ್ರಾಪರ್ಟೀಸ್‌ನಲ್ಲಿ ‘ಟೆಕ್ಸ್ಟ್ ಓವರ್‌ರೈಡ್’ ಎಂಬ ಸಾಲು ನೋಡಿ. ಅದರಲ್ಲಿ ಅಂಕಿ ತುಂಬಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ತಿಳಿಯಿರಿ.

ರೆವಿಟ್ ತಯಾರಿಸಿದವರು ಈ ಚಾಳಿಯನ್ನು ಮೊದಲೇ ಊಹಿಸಿದಂತಿದೆ. ಅದರಲ್ಲಿ ಅಳತೆಯ ಜಾಗದಲ್ಲಿ ಬೇರೊಂದು ಅಂಕಿ ಟೈಪ್ ಮಾಡಿದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ, ವಿವರಣೆಯ ಮಾತು ಬರೆಯಿರಿ ಎನ್ನುತ್ತದೆ. ಬೇಸರದ ಸಂಗತಿ ಏನೆಂದರೆ, ಕಣ್ಣಿಗೆ ಕಾಣದ ಅಕ್ಷರ ಸೇರಿಸಿ ಆ ತಡೆಯನ್ನೂ ದಾಟುವ ಟ್ರಿಕ್ ಈಗ ಜನಪ್ರಿಯ. ಬಾಗಿಲಿಗೆ ಬೀಗ ಹಾಕಿದ್ದು ಯಾಕೆ ಎಂದು ಯೋಚಿಸದೆ ಕಳ್ಳಕೀಲಿ ಹಂಚಿಕೊಂಡಂತೆ ಇದು.

‘ನಂಬರ್ ಸರಿ ಇದ್ದರೆ ಸಾಲದೇ?’

ಇದಕ್ಕೆ ಗೆಳೆಯರು ಕೊಡುವ ಉತ್ತರವೊಂದಿದೆ. ‘ಸೈಟಿನಲ್ಲಿ ಯಾರೂ ಗೆರೆಯನ್ನು ಅಳೆಯುವುದಿಲ್ಲ, ಬರೆದ ಅಂಕಿಯನ್ನೇ ನೋಡುತ್ತಾರೆ. ಎರಡೂ ಕೋಣೆಯ ಅಂಕಿ ತಿದ್ದಿ, ಮೊತ್ತ ಕೂಡಿಸಿದರೆ ಸಾಕು’ ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಬರೆದ ಅಳತೆಯೇ ಅಂತಿಮ, ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು ಎಂಬುದು ನಕ್ಷೆಗಳ ಹಳೆಯ ನಿಯಮವೇ.

ಆದರೆ ಆ ನಿಯಮ ಹುಟ್ಟಿದ್ದು ಕಾಗದಕ್ಕೆ. ಇವತ್ತು ಕಾಗದಕ್ಕಿಂತ ಮುಂಚೆ ಫೈಲ್ ಓಡಾಡುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಅದೇ ಡಿಡಬ್ಲ್ಯೂಜಿ ತೆರೆದು, ಅದೇ ಗೆರೆಗಳ ಮೇಲೆ ಪಿಲ್ಲರ್ ಕೂರಿಸುತ್ತಾರೆ. ಪಾಯದ ಮಾರ್ಕಿಂಗ್‌ಗೆ ಸೆಂಟರ್‌ಲೈನ್ ನಕ್ಷೆ ಹೊರಡುವುದು ಅಲ್ಲಿಂದಲೇ. ಎಸ್ಟಿಮೇಟ್ ಮಾಡುವವರು ನೆಲದ ವಿಸ್ತೀರ್ಣವನ್ನು ಗೆರೆಗಳ ಮೇಲೆ ಕ್ಲಿಕ್ ಮಾಡಿಯೇ ತೆಗೆಯುತ್ತಾರೆ. ಇವರ ಕಂಪ್ಯೂಟರ್‌ಗಳಿಗೆ ನಾವು ಟೈಪ್ ಮಾಡಿದ 10 ಅಡಿ 6 ಇಂಚು ಕಾಣುವುದಿಲ್ಲ, ಗೆರೆಯ 10 ಅಡಿ ಮಾತ್ರ ಕಾಣುತ್ತದೆ. ಗೋಡೆ ಒಂದು ಕಡೆ, ಪಿಲ್ಲರ್ ಅರ್ಧ ಅಡಿ ಆಚೆ. ಕೋಣೆಯ ಮೂಲೆಯಲ್ಲಿ ಪಿಲ್ಲರ್ ಚಾಚಿಕೊಂಡು ನಿಂತ ಮೇಲೆ ಯಾವ ಅನ್‌ಡೂ ಬಟನ್ ಕೂಡ ಕೆಲಸ ಮಾಡುವುದಿಲ್ಲ. ‘ಮನೆ ಕಟ್ಟಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಕಷ್ಟದ ಪಟ್ಟಿಗೆ ನಮ್ಮದೂ ಒಂದು ಸಾಲು ಸೇರಬೇಕೇ?

ಪ್ರಿಂಟ್ ಅಲ್ಲ, ಫೈಲ್ ನೋಡಿ

ತಪ್ಪು ವಿದ್ಯಾರ್ಥಿಗಳದ್ದು ಮಾತ್ರ ಎಂದರೆ ಅನ್ಯಾಯವಾದೀತು. ಲ್ಯಾಬ್ ಪರೀಕ್ಷೆಯಲ್ಲಿ ಅಂಕ ಬೀಳುವುದು ಮುದ್ರಿಸಿದ ಹಾಳೆಗೆ. ಹಾಳೆಯಲ್ಲಿ ತಿದ್ದಿದ ಅಂಕಿಗೂ ನಿಜವಾದ ಅಂಕಿಗೂ ವ್ಯತ್ಯಾಸವೇ ಕಾಣದು. ಪರೀಕ್ಷಕರು ಫೈಲ್ ತೆರೆದು, ಒಂದು ಗೋಡೆಯನ್ನು ಸರಿಸಿ, ‘ಅಳತೆ ಬದಲಾಯಿತೇ?’ ಎಂದು ನೋಡಲಿ. ಒಬ್ಬ ವಿದ್ಯಾರ್ಥಿಗೆ ಒಂದು ನಿಮಿಷ ಸಾಕು. ಅಂಕ ಎಲ್ಲಿ ಸಿಗುತ್ತದೋ ಕಲಿಕೆ ಅಲ್ಲಿಗೆ ಓಡುತ್ತದೆ.

ಕೆಲಸ ಕೊಡುವವರಿಗೂ ಇದೇ ಮಾತು. ಸಂದರ್ಶನದಲ್ಲಿ ಎಷ್ಟು ಕಮಾಂಡ್ ಗೊತ್ತು ಎಂದು ಕೇಳುವ ಬದಲು ಒಂದು 30×40 ಪ್ಲಾನ್ ಕೊಟ್ಟು ಎರಡು ತಿದ್ದುಪಡಿ ಮಾಡಿಸಿ. ಅಭ್ಯರ್ಥಿ ಗೋಡೆ ಸರಿಸುತ್ತಾರೋ ಅಂಕಿ ತಿದ್ದುತ್ತಾರೋ ನೋಡಿದರೆ ಎಲ್ಲ ತಿಳಿಯುತ್ತದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ನನ್ನ ಸಲಹೆ ಇದು. ಸಾವಿರಾರು ರೂಪಾಯಿ ಕೊಟ್ಟು ಇನ್ನೊಂದು ಸರ್ಟಿಫಿಕೇಟ್ ತರುವ ಮೊದಲು ಒಂದು ಟೇಪು ತನ್ನಿ. ನೀವಿರುವ ಮನೆಯನ್ನೇ ಅಳೆದು ಬಿಡಿಸಿ. ಗೋಡೆಯ ದಪ್ಪ, ಪ್ಲಾಸ್ಟರಿಂಗ್ ತಿಂದ ಒಂದಿಂಚು, ಮೆಟ್ಟಿಲಿನ ಎತ್ತರ ಎಲ್ಲವೂ ಇರಲಿ. ಒಳಗಿನ ಅಳತೆಗಳ ಮೊತ್ತ ಹೊರಗಿನದಕ್ಕೆ ಕೂಡುವವರೆಗೆ ಬಿಡಬೇಡಿ. ಸಾಫ್ಟ್‌ವೇರ್‌ಗೆ ಕ್ರ್ಯಾಕ್ ಹುಡುಕುವ ಅಗತ್ಯವೂ ಇಲ್ಲ. ಕಲಿಕೆಗಾಗಿ ಆಟೊಕ್ಯಾಡ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುತ್ತದೆ, ಆದರೆ ಅದರಲ್ಲಿ ಹಣದ ಕೆಲಸ ಮಾಡುವಂತಿಲ್ಲ. ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಎಲ್ಲರಿಗೂ ಮುಕ್ತ. ಹೀಗೆ ಬಿಡಿಸಿದ ಒಂದು ನಕ್ಷೆಯನ್ನು ಸಂದರ್ಶನಕ್ಕೆ ಒಯ್ಯಿರಿ, ಫೈಲ್ ಸಮೇತ.

ಕಮಾಂಡ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಇವತ್ತಿನ ಟ್ರಿಕ್ ನಾಳೆ ಬೇಡವಾಗುತ್ತದೆ. ‘ಈ ಹುಡುಗ, ಈ ಹುಡುಗಿ ಕಳಿಸಿದ ಫೈಲ್ ಆದರೆ ಮತ್ತೆ ಅಳೆದು ನೋಡುವ ಅಗತ್ಯವಿಲ್ಲ’ ಎಂಬ ಹೆಸರು ಮಾತ್ರ ಎಲ್ಲ ಆವೃತ್ತಿಗಳಲ್ಲೂ ನಡೆಯುತ್ತದೆ. ಅದನ್ನು ಸಂಪಾದಿಸಲು ಇರುವ ದಾರಿ ಸರಳ: ಅಂಕಿ ತಪ್ಪಿದಾಗ ಗೆರೆಯನ್ನೇ ತಿದ್ದಿ.